ಅಪ್‌ಡೇಟ್: ಗಡುವು ಮುಗಿದ ಮೇಲೆ ಕೋರ್ಸ್ ಬಿಡುವ ಅರ್ಜಿ, ಕೊನೆಗೂ ಒಪ್ಪಿದರು

ಸೆಮಿಸ್ಟರ್ ಮಧ್ಯೆ ಆಸ್ಪತ್ರೆ ಸೇರಿದ್ದೆ. ಅಷ್ಟರಲ್ಲಿ ಕೋರ್ಸ್ ಬಿಡುವ ಗಡುವು ದಾಟಿ ‘ಎಫ್’ ಬಂದಿತ್ತು, ಏನು ಮಾಡಲಿ ಅಂತ ಕೇಳಿದ್ದೆನಲ್ವಾ? ಈಗ ಅದು ‘ಡಬ್ಲ್ಯೂ’ ಆಗಿದೆ, ಅಂದರೆ ಫೇಲ್ ಅಲ್ಲ, ಕೋರ್ಸ್ ಬಿಟ್ಟಿದ್ದೇನೆ ಅಂತ!

ಡೀನ್‌ಗೆ ನೇರವಾಗಿ ಬರೆಯಿರಿ ಅಂದಿದ್ದಿರಿ. ಬರೆದೆ. ‘ಇದು ಅಧ್ಯಾಪಕರ ಸಮಿತಿಗೆ ಬಿಟ್ಟದ್ದು’ ಅಂತ ಒಂದೇ ಸಾಲಿನ ಉತ್ತರ ಬಂತು. ಪಾಠ ಮಾಡಿದ ಮೇಡಂ ಕೂಡ ಕೈಚೆಲ್ಲಿದರು. ಗ್ರೇಡ್ ದಾಖಲಾದ ಮೇಲೆ, ಅಂಕ ಕೂಡುವುದರಲ್ಲಿ ತಪ್ಪಾಗಿದ್ದರೆ ಮಾತ್ರ ಅವರು ತಿದ್ದಬಹುದಂತೆ.

ಕೆಲಸಕ್ಕೆ ಬಂದದ್ದು ‘ಗೋಳು ಬೇಡ, ತಾರೀಖು ಹಾಕಿ’ ಅಂದವರ ಸಲಹೆ. ಸಮಿತಿಗೆ ಒಂದೇ ಪುಟದ ಅರ್ಜಿ ಬರೆದೆ. ಎಡಗಡೆ ತಾರೀಖು, ನಡುವೆ ಆವತ್ತು ಆಗಿದ್ದು, ಬಲಗಡೆ ಅದರ ದಾಖಲೆ. ಗಡುವಿನ ದಿನ ನಾನು ವಾರ್ಡ್‌ನಲ್ಲೇ ಇದ್ದೆ ಅನ್ನುವುದು ಡಿಸ್ಚಾರ್ಜ್ ಪತ್ರದಲ್ಲಿ ಎದ್ದು ಕಾಣುತ್ತಿತ್ತು. ಮಾರ್ಗದರ್ಶಕರ ಪತ್ರವನ್ನೂ ಲಗತ್ತಿಸಿದೆ.

ಒಂದು ವಿಷಯ ಗೊತ್ತೇ ಇರಲಿಲ್ಲ. ನಮ್ಮಲ್ಲಿ ಗಡುವು, ಹಾಜರಾತಿಯಂಥ ನಿಯಮ ಮಾಡುವವರೂ ಇದೇ ಸಮಿತಿಯವರು, ವಿನಾಯಿತಿ ಕೊಡುವವರೂ ಇವರೇ. ಬೇರೆ ಬೇರೆ ವಿಭಾಗದ ಅಧ್ಯಾಪಕರ ಜೊತೆ ಒಬ್ಬ ವಿದ್ಯಾರ್ಥಿ ಪ್ರತಿನಿಧಿಯೂ ಇದ್ದರು. ಪರೀಕ್ಷೆಯ ಉತ್ತರಕ್ಕೆ ಇನ್ನೂ ಜಾಸ್ತಿ ಅಂಕ ಬರಬೇಕಿತ್ತಾ ಅನ್ನುವ ಚರ್ಚೆಗೆ ಅವರು ಇಳಿಯುವುದೇ ಇಲ್ಲ. ಕಾರಣ ಕೈಮೀರಿದ್ದಾ, ನಿಯಮ ಸರಿಯಾಗಿ ಪಾಲಿಸಿದ್ದಾರಾ, ಅಷ್ಟನ್ನೇ ನೋಡುತ್ತಾರೆ. ಸುಮ್ನೆ ಮೇಡಂ ಮೇಲೆ ದೂರು ಬರೆದಿದ್ದರೆ ಅರ್ಜಿ ಬಿದ್ದುಹೋಗುತ್ತಿತ್ತು ಅನಿಸುತ್ತದೆ.

‘ಡಬ್ಲ್ಯೂ’ ಗ್ರೇಡ್‌ಗಳ ಸರಾಸರಿಗೆ ಸೇರುವುದಿಲ್ಲ. ಆದರೆ ಕ್ರೆಡಿಟ್ ಕೂಡ ಸಿಗುವುದಿಲ್ಲ, ಕೋರ್ಸ್ ಮತ್ತೆ ಮಾಡಲೇಬೇಕು. ಶುಲ್ಕ ವಾಪಸ್ ಬೇಕಾದರೆ ಬೇರೆ ಅರ್ಜಿ, ಬೇರೆ ಕಚೇರಿ. ಅದಕ್ಕಿನ್ನೂ ಉತ್ತರ ಬಂದಿಲ್ಲ.