ಒಂದೇ ಸ್ಟೇಷನ್ ಎರಡು ಕಡೆ ಕಾಣ್ತಿದೆ: ಸೌಂಡ್ ಕಾರ್ಡಿನದ್ದಾ, ನನ್ನ ಬೆಸುಗೆಯದ್ದಾ?

ತೋಟದಮನೆ:
ನಮಸ್ಕಾರ. ಮಳೆಗಾಲದಲ್ಲಿ ಕೂತು 40 ಮೀಟರ್ ಹ್ಯಾಮ್ ಬ್ಯಾಂಡಿಗೆ ಒಂದು ಎಸ್‌ಡಿಆರ್, ಅಂದರೆ ಸಿಗ್ನಲನ್ನ ಕಂಪ್ಯೂಟರಿನ ಸಾಫ್ಟ್‌ವೇರ್ ಬಿಡಿಸಿ ಕೇಳಿಸುವ ರೇಡಿಯೊ ರಿಸೀವರ್ ಕಟ್ಟಿದೆ. ಎಸ್‌ಐ5351 ಆಸಿಲೇಟರ್ ಚಿಪ್ಪಿನಿಂದ 28.320 ಮೆಗಾಹರ್ಟ್ಸ್, 74ಎಸಿ74 ಅದನ್ನ ನಾಲ್ಕರಿಂದ ಭಾಗಿಸಿ 7.080 ಮಾಡ್ತದೆ, ಆಮೇಲೆ ಮಿಕ್ಸರ್ ಆಗಿ ಎಫ್‌ಎಸ್‌ಟಿ3253 ಸ್ವಿಚ್ ಚಿಪ್, ಅದರ ಹಿಂದೆ ಸಿಗ್ನಲ್ ಹಿಗ್ಗಿಸಲಿಕ್ಕೆ ಆಪ್‌ಆಂಪ್. ಒಂದೇ ಸಿಗ್ನಲಿನ ಕಾಲು ಸುತ್ತು ಅಂತರದ ಎರಡು ಪ್ರತಿಗಳಾದ ಐ ಮತ್ತು ಕ್ಯೂ ಎರಡೂ 3.5 ಮಿಲಿಮೀಟರ್ ಸ್ಟೀರಿಯೊ ಜ್ಯಾಕಿಗೆ ಬಂದಿವೆ. ಕಂಪ್ಯೂಟರ್ ಮಗಳು ಬಿಟ್ಟುಹೋದ ಹಳೇ ಡೆಸ್ಕ್‌ಟಾಪ್, ವಿಂಡೋಸ್ 10, ಎಚ್‌ಡಿಎಸ್‌ಡಿಆರ್ ಅನ್ನುವ ರೇಡಿಯೊ ಸಾಫ್ಟ್‌ವೇರ್ ಹಾಕಿದ್ದೇನೆ. 48 ಕಿಲೋಹರ್ಟ್ಸ್ ಆದ್ದರಿಂದ ಪರದೆ ಮೇಲೆ 7.056ರಿಂದ 7.104ರವರೆಗೆ ಕಾಣ್ತದೆ.

ತೊಂದರೆ ಇಷ್ಟು. ಬೆಳಿಗ್ಗೆ 7.090ರಲ್ಲಿ ಹರಟುವವರು 7.070ರಲ್ಲೂ ಇದ್ದಾರೆ, ಅಷ್ಟೇ ಜೋರಾಗಿ. 7.085ರಲ್ಲಿ ಯಾರಾದರೂ ಬಂದರೆ 7.075ರಲ್ಲೂ ಬಂದರು ಅಂತಲೇ. ಶಾಯಿ ಚೆಲ್ಲಿದ ಕಾಗದವನ್ನ ನಡುವೆ ಮಡಚಿ ಬಿಚ್ಚಿದ ಹಾಗಿದೆ ವಾಟರ್‌ಫಾಲು, ಅಂದರೆ ಸಿಗ್ನಲುಗಳು ಬಣ್ಣದಲ್ಲಿ ಹರಿದು ಕಾಣುವ ಆ ಪರದೆ.

ಮೂವತ್ತು ವರ್ಷ ಟೆಲಿಫೋನ್ ಇಲಾಖೆಯಲ್ಲಿ ಜೋಡಿತಂತಿ ಹುಡುಕಿದವ ನಾನು, ಸುಮ್ಮನೆ ಕೇಳ್ತಾ ಇಲ್ಲ. ಆಸಿಲೋಸ್ಕೋಪಿನಲ್ಲಿ ಜ್ಯಾಕಿನ ಹತ್ತಿರ ಎರಡೂ ಅಲೆ ಸರಿಯಾಗಿವೆ, ಕಾಲು ಸುತ್ತಿನ ಅಂತರವೂ ಇದೆ. ಕೇಬಲ್ಲಿನ ಎರಡೂ ಕಡೆಯ ಪಿನ್ನುಗಳಲ್ಲಿ ತುದಿಗೆ ತುದಿ, ಉಂಗುರಕ್ಕೆ ಉಂಗುರ ಬೀಪ್ ಆಗ್ತದೆ, ಒಂದಕ್ಕೊಂದು ತಗಲಿಲ್ಲ. ಆಡಾಸಿಟಿಯಲ್ಲಿ ರೆಕಾರ್ಡ್ ಮಾಡಿದರೆ ಮೇಲೊಂದು, ಕೆಳಗೊಂದು, ಎರಡೂ ಗೆರೆ ಕುಣೀತವೆ. ಅಂದರೆ ಎರಡೂ ಒಳಗೆ ಹೋಗ್ತಾ ಇವೆ ತಾನೇ? ಮತ್ತೆ ಎಂಥದ್ದು ಇದು?

ಬೆಸುಗೆಹೊಗೆ:
ಸಾರ್, ಪಿನ್ ಚುಚ್ಚಿರೋದು ಯಾವ ತೂತಿಗೆ? ಮೈಕಿನ ಗುಲಾಬಿಯೋ, ಹೊರಗಿನ ಸ್ಟೀರಿಯೊ ಸಿಗ್ನಲ್ ತಗೊಳ್ಳೋ ಲೈನ್-ಇನ್ ನೀಲಿಯೋ?

ತೋಟದಮನೆ:
ಡೆಸ್ಕ್‌ಟಾಪಿಗೆ ಚುಚ್ಚಿಲ್ಲ. ಮುಂದಿನ ಮೈಕ್ ತೂತಿನಲ್ಲಿ ಗುಂಯ್ ಅಂತ ಸದ್ದು ಬರ್ತಿತ್ತು, ಅದಕ್ಕೆ ಪೇಟೆಯಿಂದ ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ತಂದೆ, 250 ರೂಪಾಯಿ. ಹೆಡ್‌ಫೋನಿಗೊಂದು ತೂತು, ಮೈಕಿಗೊಂದು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಸ್ಟೀರಿಯೊ ಅಂತಲೇ ಬರೆದಿದೆ.

ಬೆಸುಗೆಹೊಗೆ:
ಕಳ್ಳ ಅಲ್ಲೇ ಇದ್ದಾನೆ. ಆ ಸ್ಟೀರಿಯೊ ಹೆಡ್‌ಫೋನ್ ಕಡೆಗೆ ಸಾರ್, ಹಾಡು ಕೇಳೋಕೆ. ಈ ಜಾತಿಯ ಅಗ್ಗದ ಕಾರ್ಡುಗಳಲ್ಲಿ ಬಹಳಷ್ಟಕ್ಕೆ ಮೈಕ್ ಕಡೆ ಇರೋದು ಒಂದೇ ಎಡಿಸಿ, ಅಂದ್ರೆ ಸಿಗ್ನಲನ್ನ ಅಂಕಿಗಳಾಗಿ ಬದಲಾಯಿಸೋ ಭಾಗ. ಪಿನ್ನಿನ ತುದಿಯಲ್ಲಿರೋ ನಿಮ್ಮ ಐ ಒಳಗೆ ಹೋಗುತ್ತೆ. ಉಂಗುರದ ಕ್ಯೂನ ಯಾರೂ ಕೇಳೋರೇ ಇಲ್ಲ, ಆ ಜಾಗದಲ್ಲಿ ಮೈಕಿಗೆ ಅಂತ ವೋಲ್ಟೇಜ್ ಕೊಟ್ಟಿರ್ತಾರೆ ಅಷ್ಟೆ. ಆಮೇಲೆ ಅದೇ ಒಂದು ಚಾನೆಲ್ಲನ್ನ ಎರಡು ಸಲ ನಕಲು ಮಾಡಿ ತೋರಿಸುತ್ತೆ. ಅದಕ್ಕೇ ಎರಡು ಗೆರೆ ಕುಣಿಯೋದು.

ಬರೀ ಐ ಒಂದರಿಂದ ಸ್ಟೇಷನ್ 7.080ರಿಂದ 10 ಕಿಲೋಹರ್ಟ್ಸ್ ದೂರ ಇದೆ ಅಂತ ಗೊತ್ತಾಗುತ್ತೆ, ಮೇಲಕ್ಕೋ ಕೆಳಕ್ಕೋ ಅಂತ ಗೊತ್ತಾಗಲ್ಲ. ಅದನ್ನ ಹೇಳೋದು ಐಗಿಂತ ಕ್ಯೂ ಕಾಲು ಸುತ್ತು ಮುಂದಿದೆಯೋ ಹಿಂದಿದೆಯೋ ಅನ್ನೋದು. ಆ ಸಾಕ್ಷಿ ಇಲ್ಲದಿದ್ರೆ ಸಾಫ್ಟ್‌ವೇರ್ ಎರಡೂ ಕಡೆ ಬರೆದುಬಿಡುತ್ತೆ.

ನನ್ನ ಮಾತು ನಂಬಬೇಡಿ, ಹೀಗೆ ಮಾಡಿ. ಆಡಾಸಿಟಿಯಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿ. ಟ್ರ್ಯಾಕ್ ಮೆನುವಿನಲ್ಲಿ ಸ್ಟೀರಿಯೊನ ಒಡೆದು ಎರಡು ಮೋನೋ ಮಾಡಿ. ಕೆಳಗಿನದಕ್ಕೆ ಇನ್ವರ್ಟ್ ಕೊಟ್ಟು ಎರಡನ್ನೂ ಮಿಕ್ಸ್ ಮಾಡಿ. ಇನ್ವರ್ಟ್ ಅಂದ್ರೆ ಅಲೆ ತಲೆಕೆಳಗಾಗೋದು, ಎರಡೂ ಒಂದೇ ನಕಲಾಗಿದ್ರೆ ಒಂದನ್ನೊಂದು ಅಳಿಸಿಹಾಕುತ್ತೆ. ನಿಜವಾದ ಐ-ಕ್ಯೂ ಆಗಿದ್ರೆ ಏನಾದ್ರೂ ಉಳಿಯಲೇಬೇಕು.

ತೋಟದಮನೆ:
ಮಾರಾಯ್ರೆ, ಏನೂ ಉಳಿಯಲಿಲ್ಲ! ಈ ತುದಿಯಿಂದ ಆ ತುದಿಗೆ ದಾರ ಎಳೆದ ಹಾಗೆ ನೇರ ಗೆರೆ.

ಆದರೂ ಮನಸ್ಸು ಒಪ್ಪದೆ ರಿಸೀವರ್ ಕಡೆಯ ಪಿನ್ ಬಿಚ್ಚಿ ಕೈಯಲ್ಲಿ ಹಿಡಿದು, ಸಣ್ಣ ಸ್ಕ್ರೂಡ್ರೈವರಿನಿಂದ ತುದಿ ಮುಟ್ಟಿದೆ. ಎರಡೂ ಗೆರೆ ಒಟ್ಟಿಗೇ ಎದ್ದವು. ಉಂಗುರ ಮುಟ್ಟಿದೆ, ಎರಡೂ ಮಲಗೇ ಇದ್ದವು. ಟೆಲಿಫೋನಿನಲ್ಲಿ ಒಂದು ಕಾಲು ತುಂಡಾದರೆ ಗ್ರಾಹಕರು ಆ ಕ್ಷಣವೇ ಫೋನ್ ಸತ್ತಿದೆ ಅಂತ ಬೈತಿದ್ದರು. ಇದು ಒಂದು ಕಾಲು ಇಲ್ಲದಿದ್ದರೂ ಎರಡಿದೆ ಅಂತ ನಾಟಕ ಮಾಡ್ತದಲ್ಲ!

ಈಗ ಡೆಸ್ಕ್‌ಟಾಪಿನ ಹಿಂದೆ ಇಣುಕಿ ನೋಡಿದೆ, ಜೇಡರಬಲೆಯ ಒಳಗೆ ಒಂದು ನೀಲಿ ತೂತು ಇದೆ. ಅದಕ್ಕೆ ಹಾಕಿದರೆ ಎಚ್‌ಡಿಎಸ್‌ಡಿಆರ್ ಪಟ್ಟಿಯಲ್ಲಿ ಲೈನ್-ಇನ್ ಅನ್ನುವ ಹೆಸರೇ ಇಲ್ಲ.

ಕಾವೇರಿತೀರ:
ಲೈನ್-ಇನ್ ಇರುತ್ತೆ, ವಿಂಡೋಸ್ ಬಚ್ಚಿಟ್ಟಿರುತ್ತೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸೌಂಡ್, ಅದರಲ್ಲಿ ರೆಕಾರ್ಡಿಂಗ್. ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ, ಡಿಸೇಬಲ್ ಆದ ಸಾಧನಗಳನ್ನ ತೋರಿಸು ಅನ್ನೋದಕ್ಕೆ ಟಿಕ್ ಹಾಕಿ. ಲೈನ್-ಇನ್ ಬೂದು ಬಣ್ಣದಲ್ಲಿ ಕಾಣುತ್ತೆ, ಎನೇಬಲ್ ಮಾಡಿ. ಅದರ ಪ್ರಾಪರ್ಟೀಸ್, ಅಡ್ವಾನ್ಸ್‌ಡ್‌ನಲ್ಲಿ 2 ಚಾನೆಲ್, 48000 ಹರ್ಟ್ಸ್ ಇದೆಯಾ ನೋಡಿ. ಎನ್‌ಹಾನ್ಸ್‌ಮೆಂಟ್ ಅಂತ ಏನೇ ಇದ್ರೂ ಎಲ್ಲಾ ಆಫ್. ನಾಯ್ಸ್ ಸಪ್ರೆಷನ್ ನಿಮ್ಮ ಸ್ಟೇಷನ್ನುಗಳನ್ನೇ ಗದ್ದಲ ಅಂದುಕೊಂಡು ಒರೆಸಿಹಾಕುತ್ತೆ.

ಇನ್ನೊಂದು, ನಾನು ಒಂದು ಇಡೀ ಭಾನುವಾರ ಕಳೆದುಕೊಂಡಿದ್ದು ಇದರಲ್ಲೇ. ಪ್ರೈವಸಿ ಸೆಟ್ಟಿಂಗ್‌ನಲ್ಲಿ ಆ್ಯಪ್‌ಗಳಿಗೆ ಮೈಕ್ರೋಫೋನ್ ಅನುಮತಿ ಕೊಟ್ಟಿರಲೇಬೇಕು. ಹೆಸರು ಮೈಕ್ರೋಫೋನ್ ಅಂತಿದ್ರೂ ಲೈನ್-ಇನ್‌ಗೂ ಅದೇ ಬಾಗಿಲು. ಅದು ಮುಚ್ಚಿದ್ರೆ ಎಲ್ಲಾ ಸರಿ ಇದ್ದಂಗೆ ಕಾಣುತ್ತೆ, ಸಿಗ್ನಲ್ ಮಾತ್ರ ಸೊನ್ನೆ.

ತೋಟದಮನೆ:
ಕಾವೇರಿತೀರದವರೇ, ಲೈನ್-ಇನ್ ಸಿಕ್ಕಿತು. ಬೂದು ಬಣ್ಣದಲ್ಲಿ ಮೂಲೆಯಲ್ಲಿ ಕೂತಿತ್ತು. ಸ್ಕ್ರೂಡ್ರೈವರ್ ಪರೀಕ್ಷೆಯೂ ಪಾಸು: ತುದಿ ಮುಟ್ಟಿದರೆ ಮೇಲಿನ ಗೆರೆ, ಉಂಗುರ ಮುಟ್ಟಿದರೆ ಕೆಳಗಿನದು.

ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತೆ. ಒಂದೇ ಕಡೆ ಬಂದರು. ಆದರೆ 7.070ರಲ್ಲಿ! 7.090 ಖಾಲಿ ಬಯಲು. ಎಲ್‌ಎಸ್‌ಬಿಯಲ್ಲಿ (ಕೆಳಗಿನ ಸೈಡ್‌ಬ್ಯಾಂಡ್) ಕೇಳಿದರೆ ಬಾತುಕೋಳಿ ಜಗಳ ಆಡಿದ ಹಾಗೆ, ಯುಎಸ್‌ಬಿಗೆ (ಮೇಲಿನ ಸೈಡ್‌ಬ್ಯಾಂಡ್, ಕಂಪ್ಯೂಟರಿನ ಯುಎಸ್‌ಬಿ ಅಲ್ಲ) ತಿರುಗಿಸಿದರೆ ಮಾತು ಸ್ಪಷ್ಟ. 40 ಮೀಟರಿನಲ್ಲಿ ಯುಎಸ್‌ಬಿಯಲ್ಲಿ ಹರಟುವವರನ್ನ ನಾನಂತೂ ಕಂಡಿಲ್ಲ. ಪಕ್ಕದ ಹಳೇ ರಿಸೀವರಿನಲ್ಲಿ ಅದೇ ಜನ 7.090ರಲ್ಲೇ ಇದ್ದಾರೆ. ಉಲ್ಟಾ ಆಯಿತಲ್ಲ.

ಬೆಸುಗೆಹೊಗೆ:
ಅದು ಒಳ್ಳೇ ಸುದ್ದಿ ಸಾರ್! ಈಗ ನಿಮ್ಮ ರಿಸೀವರ್‌ಗೆ ಮೇಲೆ-ಕೆಳಗೆ ಗೊತ್ತಾಗ್ತಿದೆ, ಎಡ-ಬಲ ಅದಲುಬದಲಾಗಿದೆ ಅಷ್ಟೆ. ಬೆಸುಗೆ ಬಿಚ್ಚಬೇಡಿ. ಎಚ್‌ಡಿಎಸ್‌ಡಿಆರ್‌ನಲ್ಲೇ ಐ-ಕ್ಯೂ ಸ್ವಾಪ್ ಮಾಡಬಹುದು.

ಸ್ವಾಪ್ ಆದ್ಮೇಲೂ ಕನ್ನಡಿ ಕಡೆ ಮಸುಕಾಗಿ ನೆರಳು ಇರುತ್ತೆ, ಗಾಬರಿ ಬೀಳಬೇಡಿ. ಎರಡು ಚಾನೆಲ್ಲಿನ ಮಟ್ಟದಲ್ಲಿ 1 ಡೆಸಿಬೆಲ್ ವ್ಯತ್ಯಾಸ ಇದ್ರೂ ಸಾಕು, ನೆರಳು ಅಸಲಿಗಿಂತ ಸುಮಾರು 25 ಡೆಸಿಬೆಲ್ ಮಾತ್ರ ಕೆಳಗಿರುತ್ತೆ. ಫೇಸ್, ಅಂದ್ರೆ ಆ ಕಾಲು ಸುತ್ತಿನ ಅಂತರ, 1 ಡಿಗ್ರಿ ತಪ್ಪಿದ್ರೆ ಸುಮಾರು 41. ಹಾಗಾಗಿ ಕ್ಯಾಲಿಬ್ರೇಷನ್ ಕಿಟಕಿಯಲ್ಲಿ ಮೊದಲು ಮಟ್ಟ, ಆಮೇಲೆ ಫೇಸ್, ತಿರುಗಿ ಮಟ್ಟ, ಹೀಗೆ ಎರಡು ಮೂರು ಸುತ್ತು. ಜೋರಾದ, ಅಲುಗಾಡದ ಸಿಗ್ನಲ್ ಒಂದನ್ನ ಹಿಡಿದುಕೊಂಡು ಮಾಡಿ, ಮಾತಿನ ಮೇಲೆ ಮಾಡಿದ್ರೆ ಕಣ್ಣು ನೋವು ಬರುತ್ತೆ.

ತೋಟದಮನೆ:
ಸ್ವಾಪ್ ಒತ್ತಿದೆ, 7.090ಕ್ಕೆ ಹಾರಿ ಕೂತರು. ಅಲುಗಾಡದ ಸಿಗ್ನಲ್ ಬೇಕು ಅಂದಿರಲ್ಲ, ಉಳಿದಿದ್ದ ಇನ್ನೊಂದು ಎಸ್‌ಐ5351 ಬೋರ್ಡನ್ನ 7.090ಕ್ಕೆ ಇಟ್ಟು, ಒಂದು ಗೇಣು ತಂತಿ ಸಿಕ್ಕಿಸಿ ಮೇಜಿನ ಆಚೆ ತುದಿಯಲ್ಲಿ ಇಟ್ಟೆ. ಮಟ್ಟದ ಪಟ್ಟಿ ಒಂದು ಕೂದಲೆಳೆ ಸರಿಸಿದಾಗ ನೆರಳು ದಪ್ಪ ಅರ್ಧ ಆಯಿತು, ಫೇಸ್ ಮುಟ್ಟಿದಾಗ ಗದ್ದಲದೊಳಗೆ ಮುಳುಗೇಹೋಯಿತು.

ನಟ್ಟನಡುವೆ 7.080ರಲ್ಲಿ ಮಾತ್ರ ಒಂದು ಕಂಬ ನಿಂತೇ ಇದೆ. ಅದಕ್ಕೆಂಥ ಮಾಡೋದು?

ಕಾವೇರಿತೀರ:
ಚೂಪಾದ ಕಂಬ ಡಿಸಿ ಆಫ್‌ಸೆಟ್ (ಸಿಗ್ನಲ್ ಜೊತೆ ಸೇರಿಕೊಂಡ ಸ್ಥಿರ ವೋಲ್ಟೇಜ್), ಈ ತರದ ರಿಸೀವರಿನಲ್ಲಿ ಇದ್ದದ್ದೇ. ಅದರ ಎರಡೂ ಪಕ್ಕ 50, 100 ಹರ್ಟ್ಸ್ ದೂರದಲ್ಲಿ ಮರಿಕಂಬಗಳಿದ್ರೆ ಅದು ಕರೆಂಟಿನ ಹಮ್. ರಿಸೀವರನ್ನ ಅಡಾಪ್ಟರ್ ಬಿಟ್ಟು ಬ್ಯಾಟರಿಗೆ ಹಾಕಿ ನೋಡಿ.

ತೋಟದಮನೆ:
ಸ್ಕೂಟರ್ ಬ್ಯಾಟರಿಗೆ ಹಾಕಿದೆ. ಮರಿಗಳು ಹೋದವು, ತಾಯಿ ಇದೆ. ಇರಲಿ ಬಿಡಿ, 7.080ರಲ್ಲೇ ಯಾರಾದರೂ ಮಾತಾಡಿದರೆ ಆಸಿಲೇಟರನ್ನ 5 ಕಿಲೋಹರ್ಟ್ಸ್ ಆಚೆ ಸರಿಸಿಕೊಳ್ತೇನೆ. ಯುಎಸ್‌ಬಿ ಕಾರ್ಡನ್ನ ನಮ್ಮನೆಯವಳ ಲ್ಯಾಪ್‌ಟಾಪಿಗೆ ಕೊಟ್ಟೆ, ಮಗಳ ಜೊತೆ ಮಾತಾಡಲಿಕ್ಕೆ ಒಂದು ಚಾನೆಲ್ ಧಾರಾಳ ಸಾಕು.