ಪದ ಬೇಕು: ಹಿಡಿದರೆ ಓಡುವ, ಬಿಟ್ಟರೆ ನಿಲ್ಲುವ ‘ಕ್ಲಚ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಹುಡುಕುತ್ತಿದ್ದೇನೆ. ಜೊತೆಗೆ ಇನ್ನೂ ನಾಲ್ಕೈದು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಸ್ವಲ್ಪ ಉದ್ದ ಬರೆಯುತ್ತೇನೆ. ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ಹೇಳದೆ ಸುಮ್ನೆ ಪದ ಕೇಳಿದರೆ ಉತ್ತರ ಕೊಡುವವರಿಗೆ ಕಷ್ಟ, ಅಲ್ವಾ?

ನಮ್ಮದು ಹಾಸನದ ಕಡೆಯ ಹಳ್ಳಿ. ಅಕ್ಕಪಕ್ಕದ ಏಳು ಮನೆಯವರು ಸೇರಿ ತೋಟಕ್ಕೆ, ಹಿತ್ತಲಿಗೆ ಆಗಲಿ ಅಂತ ಒಂದು ಸಣ್ಣ ಪೆಟ್ರೋಲ್ ಟಿಲ್ಲರ್ ತಂದೆವು. ತಿರುಗುವ ಬ್ಲೇಡಿನಿಂದ ಮಣ್ಣು ಅಗೆಯುವ, ಹಿಂದಿನಿಂದ ಹಿಡಿದುಕೊಂಡು ನಡೆಯುವಂಥದ್ದು. ಅಂಗಡಿಯವರು ಅದನ್ನು ‘ಪವರ್ ವೀಡರ್’ ಅನ್ನುತ್ತಾರೆ. ಬಿಡಿ ಭಾಗಗಳಾಗಿ ಪೆಟ್ಟಿಗೆಯಲ್ಲಿ ಬಂತು. ಜೊತೆಗಿದ್ದ ಪುಸ್ತಕದಲ್ಲಿ ಕನ್ನಡದ ಒಂದಕ್ಷರ ಇರಲಿಲ್ಲ. ಹಾಗಾಗಿ ಏಳೂ ಮನೆಯವರು ಓದಿಕೊಳ್ಳುವ ಹಾಗೆ ಎರಡು ಪುಟದ ಕನ್ನಡ ಕೈಪಿಡಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಬರೆಯುವ ಮೊದಲೇ ಒಂದು ಘಟನೆ ಆಯಿತು. ನನ್ನ ಪ್ರಶ್ನೆ ಹುಟ್ಟಿದ್ದೇ ಅಲ್ಲಿ. ಚಿಕ್ಕಮ್ಮನ ಮಗ ಮೊದಲ ದಿನ ಯಂತ್ರ ಹಿಡಿದ. ಹತ್ತು ವರ್ಷದಿಂದ ಬೈಕ್ ಓಡಿಸುವ ಹುಡುಗ. ಬದುವಿನ ಹತ್ತಿರ ಯಂತ್ರ ಸ್ವಲ್ಪ ಎಗರಿತು. ನಾನು ದೂರದಿಂದ ‘ಕ್ಲಚ್ ಹಿಡಿಯೋ, ಕ್ಲಚ್ ಹಿಡಿ!’ ಅಂತ ಕೂಗಿದೆ. ಅವನು ಹಿಡಿದೇ ಇದ್ದ. ನಾನು ಕೂಗಿದ್ದಕ್ಕೆ ಇನ್ನೂ ಬಿಗಿಯಾಗಿ ಹಿಡಿದ. ಯಂತ್ರ ಅವನನ್ನು ಎಳೆದುಕೊಂಡು ಬಾಳೆ ಬುಡದವರೆಗೆ ಹೋಯಿತು. ಅವನು ಎಡವಿ ಬಿದ್ದ, ಕೈ ತಪ್ಪಿತು, ಆಗ ಬ್ಲೇಡು ನಿಂತಿತು. ಮಂಡಿ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವನನ್ನು ನಿಲ್ಲಿಸಲು ನಾನು ಕೂಗಿದ ಮಾತೇ ಯಂತ್ರವನ್ನು ಓಡಿಸುವ ಮಾತಾಗಿತ್ತು.

ಕಾರಣ ಸರಳ. ಬೈಕಿನ ಕ್ಲಚ್ಚಿನಲ್ಲಿ ಸ್ಪ್ರಿಂಗು ಪ್ಲೇಟುಗಳನ್ನು ಸದಾ ಒತ್ತಿ ಹಿಡಿದಿರುತ್ತದೆ. ಲಿವರ್ ಹಿಡಿದರೆ ಪ್ಲೇಟು ಬೇರೆಯಾಗಿ ಇಂಜಿನ್ನಿನ ಶಕ್ತಿ ಚಕ್ರಕ್ಕೆ ಹೋಗುವುದಿಲ್ಲ. ನಮ್ಮ ಟಿಲ್ಲರಿನಲ್ಲಿ ಇರುವುದು ಬೆಲ್ಟು. ಮಾಮೂಲಾಗಿ ಅದು ಸಡಿಲ. ಲಿವರ್ ಹಿಡಿದರೆ ಒಂದು ಸಣ್ಣ ಪುಲ್ಲಿ ಬೆಲ್ಟನ್ನು ಬಿಗಿ ಮಾಡುತ್ತದೆ, ಬ್ಲೇಡು ತಿರುಗುತ್ತದೆ. ಬಿಟ್ಟರೆ ಬೆಲ್ಟು ಸಡಿಲವಾಗಿ ನಿಲ್ಲುತ್ತದೆ. ಎರಡಕ್ಕೂ ಹೆಸರು ಕ್ಲಚ್ಚೇ. ಆದರೆ ಕನ್ನಡದ ಮಾತಿನಲ್ಲಿ ‘ಕ್ಲಚ್ ಹಿಡಿ’ ಅಂದರೆ ‘ಶಕ್ತಿ ತಪ್ಪಿಸು’, ‘ಕ್ಲಚ್ ಬಿಡು’ ಅಂದರೆ ‘ಹೊರಡು’ ಅಂತ ಈಗಾಗಲೇ ಬೇರೂರಿದೆ. ಬೈಕು, ಟ್ರ್ಯಾಕ್ಟರು, ಕಾರು ಎಲ್ಲಕ್ಕೂ ಹೀಗೇ. ಈ ಯಂತ್ರದಲ್ಲಿ ಎರಡೂ ತಿರುಗುಮುರುಗು. ಹೀಗಾಗಿ ‘ಕ್ಲಚ್’ ಅನ್ನುವ ಪದವನ್ನೇ ಕೈಪಿಡಿಯಿಂದ ತೆಗೆಯಬೇಕು ಅಂತ ತೀರ್ಮಾನ ಮಾಡಿದ್ದೇನೆ. ಎರವಲು ಪದ ಅನ್ನುವ ಕಾರಣಕ್ಕಲ್ಲ. ಅದು ಜನರ ಕೈಗೆ ಬೇರೆ ಪಾಠ ಕಲಿಸಿಬಿಟ್ಟಿದೆ, ಅದಕ್ಕೆ.

ಓಡಿಸುವವನು ಕುಸಿದು ಬಿದ್ದರೂ ಬ್ಲೇಡು ತಾನಾಗಿ ನಿಲ್ಲಬೇಕು, ಅದೇ ಈ ಲಿವರಿನ ಉದ್ದೇಶ. ರೈಲು ಓಡಿಸುವವರ ಹತ್ತಿರವೂ ಇಂಥದ್ದೇ ವ್ಯವಸ್ಥೆ ಇರುತ್ತದೆ. ಇಂಗ್ಲಿಷಿನವರು ಇದಕ್ಕೆ ಸತ್ತವನ ಹೆಸರನ್ನೇ ಇಟ್ಟಿದ್ದಾರೆ, ‘ಡೆಡ್ ಮ್ಯಾನ್ಸ್ ಸ್ವಿಚ್’ ಅಂತ. ನಮ್ಮ ಹೊಲದಲ್ಲಿ ಬೆಳಿಗ್ಗೆ ಬೆಳಿಗ್ಗೆ ಆ ಹೆಸರು ಯಾರೂ ಬಾಯಲ್ಲಿ ಹೇಳಲಾರರು. ನಾನು ಬರೆದುಕೊಂಡವು ಇವು: ‘ಚಾಲನಾ ಸನ್ನೆ’, ‘ತಿರುಗುಹಿಡಿ’, ‘ಓಟದ ಹಿಡಿ’. ಮೊದಲನೆಯದು ಪಾಠಪುಸ್ತಕದ ವಾಸನೆ ಹೊಡೆಯುತ್ತದೆ. ಸನ್ನೆ ಅಂದರೆ ನಮ್ಮೂರಲ್ಲಿ ಕೈಸನ್ನೆ, ಕಣ್ಸನ್ನೆ ಅಷ್ಟೆ. ‘ತಿರುಗುಹಿಡಿ’ ಅಂದರೆ ಹಿಡಿಯೇ ತಿರುಗುತ್ತದೆ ಅಂದುಕೊಂಡಾರು. ಬೈಕಿನ ಎಕ್ಸಿಲೇಟರ್ ಹಾಗೇ ತಿರುಗುತ್ತದಲ್ಲ. ‘ಓಟದ ಹಿಡಿ’ ನನಗೆ ಇಷ್ಟ.

ಚಿಕ್ಕಮ್ಮ ಬೇರೆಯೇ ಹೇಳಿದರು. ‘ಹೆಸರೇನೋ ಇಡಪ್ಪ, ಕೂಗೋಕೆ ಆಗ್ಬೇಕು. ಮುಷ್ಟಿ ಬಿಡು ಅಂದ್ರೆ ಯಾರಿಗೆ ತಿಳಿಯಲ್ಲ?’ ಈ ಮಾತಿನಲ್ಲಿ ಬಹಳ ಅರ್ಥ ಇದೆ ಅನ್ನಿಸಿತು. ಇದು ಓದುವ ಪದ ಮಾತ್ರ ಅಲ್ಲ, ಇಂಜಿನ್ ಸದ್ದಿನ ಮೇಲೆ ಕೂಗುವ ಪದ. ‘ಮುಷ್ಟಿ ಬಿಡು’ ಅಂದಾಗ ಹುಡುಗ ಯಂತ್ರದ ಕಡೆ ನೋಡಬೇಕಾಗಿಲ್ಲ, ತನ್ನ ಕೈ ಸಡಿಲ ಮಾಡಿದರೆ ಸಾಕು.

ಆದರೆ ‘ಕೈ ಬಿಡು’ ಅಂತ ಮಾತ್ರ ಬರೆಯಲು ನನಗೆ ಧೈರ್ಯ ಇಲ್ಲ. ಯಂತ್ರ ಎಗರಿದಾಗ ಹಿಡಿಕೆಯನ್ನು ಬಿಟ್ಟು ಓಡಿದರೆ ಅದು ಪಕ್ಕಕ್ಕೆ ಉರುಳೀತು. ಹಿಡಿಕೆ ಬಿಡಬಾರದು, ಲಿವರ್ ಬಿಡಬೇಕು. ಎರಡಕ್ಕೂ ಬೇರೆ ಬೇರೆ ಹೆಸರು ಬೇಕೇ ಬೇಕು. ಹಿಡಿಕೆಗೆ ನಾನು ‘ಮೇಣಿ’ ಅಂತ ಇಟ್ಟಿದ್ದೇನೆ. ನೇಗಿಲಿನ ಮೇಣಿ ಹಿಡಿದು ಬೆಳೆದವರು ಇನ್ನೂ ನಮ್ಮಲ್ಲಿದ್ದಾರೆ. ಹಿಂದೆ ನಡೆಯುತ್ತಾ ಹಿಡಿಯುವ ಹಿಡಿಕೆಗೆ ಅದಕ್ಕಿಂತ ಒಳ್ಳೆಯ ಪದ ಸಿಗಲಾರದು. ಉತ್ತರ ಕರ್ನಾಟಕದವರಿಗೆ ಇದು ಸರಿಹೋಗುತ್ತದಾ, ಅಥವಾ ನಿಮ್ಮಲ್ಲಿ ‘ಮೇಳಿ’ ಅನ್ನುವುದೇ ಜಾಸ್ತಿಯಾ? ಹೇಳಿ. ಈಗ ನನ್ನ ವಾಕ್ಯ ಹೀಗಿದೆ: ‘ಯಂತ್ರ ಎಗರಿದರೆ ಮೇಣಿ ಹಿಡಿದುಕೊಂಡೇ ಮುಷ್ಟಿ ಬಿಡಿ.’ ಅದರ ಕೆಳಗೆ ಇನ್ನೊಂದು: ‘ಓಟದ ಹಿಡಿಗೆ ಹಗ್ಗ, ತಂತಿ ಕಟ್ಟಬೇಡಿ.’ ಕೈ ನೋಯುತ್ತದೆ ಅಂತ ಹಾಗೆ ಕಟ್ಟುವವರಿದ್ದಾರೆ. ಕಟ್ಟಿದರೆ ಬಿದ್ದವನ ಮೇಲೆ ಬ್ಲೇಡು ತಿರುಗುತ್ತಲೇ ಇರುತ್ತದೆ.

ಎರಡನೇ ಪದ, ಹಿಂದೆ ನೆಲಕ್ಕೆ ಇಳಿಯುವ ಕಬ್ಬಿಣದ ಸರಳು. ಅಂಗಡಿಯವರು ‘ಡೆಪ್ತ್ ರಾಡ್’ ಅನ್ನುತ್ತಾರೆ. ಪೆಟ್ಟಿಗೆ ಬಿಚ್ಚಿದಾಗ ಇದನ್ನು ಸ್ಟ್ಯಾಂಡು ಅಂದುಕೊಂಡು ಪಕ್ಕಕ್ಕೆ ಇಟ್ಟಿದ್ದೆವು. ಅದಿಲ್ಲದೆ ಓಡಿಸಿದರೆ ಬ್ಲೇಡು ಮಣ್ಣು ಅಗೆಯುವುದಿಲ್ಲ, ಚಕ್ರದ ಹಾಗೆ ನೆಲದ ಮೇಲೆ ಓಡಿಬಿಡುತ್ತದೆ. ಸರಳು ಮಣ್ಣಿನಲ್ಲಿ ಎಳೆದುಕೊಂಡು ಬಂದು ಯಂತ್ರವನ್ನು ತಡೆದಾಗಲೇ ಬ್ಲೇಡು ಕೆಳಕ್ಕೆ ಇಳಿಯುವುದು. ಹೆಚ್ಚು ಕೆಳಗಿಟ್ಟರೆ ಆಳ ಜಾಸ್ತಿ, ನಡಿಗೆ ನಿಧಾನ. ‘ಆಳದ ಸರಳು’ ಅಂದರೆ ಅಳತೆ ನೋಡುವ ಕಡ್ಡಿ ಅನ್ನಿಸುತ್ತದೆ. ‘ತಡೆಗೂಟ’ ಪರವಾಗಿಲ್ಲ. ನನ್ನ ಮನಸ್ಸು ‘ಊರುಗೂಟ’ದ ಕಡೆಗಿದೆ. ಊರುಗೋಲು ಎಲ್ಲರಿಗೂ ಗೊತ್ತು. ಕ್ರಿಯೆಯೂ ಸಿಗುತ್ತದೆ: ‘ಮೇಣಿ ಒತ್ತಿ ಗೂಟ ಊರಿದರೆ ಅಗೆಯುತ್ತದೆ, ಮೇಣಿ ಎತ್ತಿದರೆ ಮುಂದೆ ಹೋಗುತ್ತದೆ.’ ಈ ಒಂದು ವಾಕ್ಯ ಅರ್ಥವಾದರೆ ಯಂತ್ರ ಓಡಿಸುವುದು ಅರ್ಧ ಬಂದ ಹಾಗೆ.

ಬ್ಲೇಡಿಗೆ ‘ಹಲ್ಲು’ ಅನ್ನಬಹುದಿತ್ತು. ಆದರೆ ಗೇರಿಗೂ ಹಲ್ಲು ಇದೆ. ‘ಹಲ್ಲು ಮುರಿದಿದೆ’ ಅಂತ ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ ಅವನು ಗೇರ್ ಬಾಕ್ಸ್ ಬಿಚ್ಚುವ ತಯಾರಿಯಲ್ಲಿ ಬರುತ್ತಾನೆ. ‘ಕುಳ’ ನೇಗಿಲಿಗೆ ಸರಿ, ಅದು ತಿರುಗುವುದಿಲ್ಲ. ಹಾಗಾಗಿ ಎಲ್ಲರ ಬಾಯಲ್ಲಿರುವ ‘ಬ್ಲೇಡು’ ಹಾಗೇ ಇರಲಿ ಅಂತ ಬಿಟ್ಟಿದ್ದೇನೆ.

ಬ್ಲೇಡಿನ ವಿಷಯದಲ್ಲಿ ಕಷ್ಟ ಕೊಟ್ಟಿದ್ದು ‘ಎಡ’, ‘ಬಲ’. ಬ್ಲೇಡುಗಳು ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಬಾಗಿರುತ್ತವೆ. ಎಡಗಡೆಯ ಸೆಟ್ಟು ಬೇರೆ, ಬಲಗಡೆಯದ್ದು ಬೇರೆ. ಅದಲು ಬದಲು ಹಾಕಿದರೆ ಹರಿತದ ಅಂಚಿನ ಬದಲು ಬೆನ್ನು ಮಣ್ಣಿಗೆ ಬಡಿಯುತ್ತದೆ. ಯಂತ್ರ ಕುಣಿಯುತ್ತದೆ, ನೆಲ ಮಾತ್ರ ಅಗೆಯುವುದಿಲ್ಲ. ಜೋಡಿಸುವಾಗ ನಾವು ಯಂತ್ರದ ಮುಂದೆ ಕೂತಿರುತ್ತೇವೆ. ಆಗ ನಮ್ಮ ಎಡ ಯಂತ್ರದ ಬಲ. ನಮ್ಮ ದೊಡ್ಡಪ್ಪ ಒಂದೇ ಮಾತಲ್ಲಿ ಬಗೆಹರಿಸಿದರು: ‘ಎಡಗೋಲು, ಬಲಗೋಲು ಅಂತ ಬರಿ.’ ನೊಗಕ್ಕೆ ಕಟ್ಟಿದ ಎತ್ತುಗಳಿಗೆ ಹೇಳುವ ಮಾತು. ಎತ್ತು ಯಾವ ಕಡೆಯದು ಅಂತ ಹೇಳುವುದು ಯಾವಾಗಲೂ ಹಿಂದೆ ನಿಂತ ಹೂಡುವವನ ಲೆಕ್ಕದಲ್ಲಿ. ಹಳಬರಿಗೆ ಇದು ಚಿನ್ನದಂಥ ಪದ. ಹುಡುಗರಿಗೆ ಗೊತ್ತಿಲ್ಲ. ಹಾಗಾಗಿ ‘ಮೇಣಿ ಹಿಡಿದು ನಿಂತವರ ಎಡವೇ ಎಡ. ಹರಿತದ ಅಂಚು ಮುಂದಿನಿಂದ ನೆಲಕ್ಕೆ ಇಳಿಯಬೇಕು’ ಅಂತ ಬರೆದು, ಪಕ್ಕದಲ್ಲಿ ಚಿತ್ರ ಹಾಕಿದ್ದೇನೆ.

ಬ್ಲೇಡಿನ ಸೆಟ್ಟು ಆರು ಮೂಲೆಯ ಶಾಫ್ಟಿಗೆ ತೂರಿಕೊಳ್ಳುತ್ತದೆ. ಅಡ್ಡಕ್ಕೆ ಒಂದು ಪಿನ್ನು, ಪಿನ್ನು ಜಾರದ ಹಾಗೆ ತುದಿಯಲ್ಲಿ ಒಂದು ತಂತಿ ಕ್ಲಿಪ್ಪು. ಎತ್ತಿನ ಗಾಡಿಯ ಚಕ್ರ ಕಳಚದ ಹಾಗೆ ಅಚ್ಚಿನ ತುದಿಗೆ ಹಾಕುವ ‘ಕಡಾಣಿ’ ಮಾಡುವ ಕೆಲಸವೂ ಇದೇ. ಆ ಪದ ಬರೆದಾಗ ನಿಜಕ್ಕೂ ಖುಷಿಯಾಯಿತು. ‘ಕಡಾಣಿ ಇಲ್ಲದೆ ಓಡಿಸಬೇಡಿ’ ಅಂದರೆ ಹಳ್ಳಿಯಲ್ಲಿ ವಿವರಣೆಯೇ ಬೇಡ.

ಇನ್ನು ‘ಆಯಿಲ್ ಹಾಕಿ’. ಇದು ಕ್ಲಚ್ಚಿನಷ್ಟೇ ಮೋಸದ ಮಾತು. ನಮ್ಮಲ್ಲಿ ಹುಲ್ಲು ಕೊಚ್ಚುವ ಹಳೆಯ ಟೂ ಸ್ಟ್ರೋಕ್ ಮಿಷನ್ ಇರುವವರಿಗೆ ಆಯಿಲ್ ಹಾಕುವುದು ಅಂದರೆ ಪೆಟ್ರೋಲಿಗೆ ಬೆರೆಸುವುದು. ಈ ಟಿಲ್ಲರ್ ಫೋರ್ ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸುವ ಹಾಗಿಲ್ಲ. ಆದರೆ ಇಂಜಿನ್ನಿನ ಹೊಟ್ಟೆಗೆ ಆಯಿಲ್ ಬೇಕು. ಇಂಥ ಯಂತ್ರಗಳನ್ನು ಸಾಮಾನ್ಯವಾಗಿ ಆಯಿಲ್ ಖಾಲಿ ಮಾಡಿಯೇ ಕಳಿಸುತ್ತಾರೆ. ಹಾಕದೆ ಸ್ಟಾರ್ಟ್ ಮಾಡಿದರೆ ಇಂಜಿನ್ ಸೀಜ್ ಆಗುತ್ತದೆ. ಗೇರ್ ಬಾಕ್ಸಿಗೆ ಮತ್ತೆ ಬೇರೆ ಆಯಿಲ್. ಅದಕ್ಕೆ ‘ಎಲ್ಲಿಗೆ’ ಅಂತ ಹೇಳದೆ ಒಂದು ಕಡೆಯೂ ‘ಆಯಿಲ್’ ಪದ ಬಳಸಬಾರದು ಅಂತ ನಿಯಮ ಮಾಡಿಕೊಂಡಿದ್ದೇನೆ. ಮಟ್ಟ ನೋಡುವಾಗ ಯಂತ್ರ ಸಮನೆಲದ ಮೇಲಿರಬೇಕು, ಇಲ್ಲದಿದ್ದರೆ ಗೇಜು ಸುಳ್ಳು ಹೇಳುತ್ತದೆ.

‘ನಿಲ್ಲಿಸಿ’ಯೂ ಹಾಗೇ. ಗರಿಕೆ, ಬೇರು ಬ್ಲೇಡಿಗೆ ಸುತ್ತಿಕೊಂಡಾಗ ‘ಯಂತ್ರ ನಿಲ್ಲಿಸಿ ತೆಗೆಯಿರಿ’ ಅಂತ ಮೊದಲು ಬರೆದೆ. ಓದಿದವರೊಬ್ಬರು ‘ಬ್ಲೇಡ್ ನಿಂತಿದ್ರೆ ಸಾಕಲ್ವಾ?’ ಅಂದರು. ಸಾಲದು. ಇಂಜಿನ್ ಓಡುತ್ತಿದ್ದಾಗ ಯಾರಾದರೂ ಲಿವರ್ ಮುಟ್ಟಿದರೆ ಬೆರಳು ಹೋಗುತ್ತದೆ. ಈಗ ‘ಇಂಜಿನ್ ಆಫ್ ಮಾಡಿ, ಪ್ಲಗ್ಗಿನ ಕ್ಯಾಪ್ ಕಿತ್ತು, ಆಮೇಲೆ ಕೈ ಹಾಕಿ’ ಅಂತ ಬದಲಾಯಿಸಿದ್ದೇನೆ. ‘ಆಫ್’ಗೆ ಕನ್ನಡ ಹುಡುಕಲು ಹೋಗಲಿಲ್ಲ. ‘ಬಂದ್ ಮಾಡಿ’ ಅನ್ನುವ ಊರುಗಳಿಗೆ ಅದನ್ನೇ ಹಾಕಬಹುದು.

ಎಚ್ಚರಿಕೆಯ ಪದಗಳ ಬಗ್ಗೆ ತುಂಬಾ ಯೋಚನೆ ಮಾಡಿದೆ. ಇಂಗ್ಲಿಷ್ ಪುಸ್ತಕದಲ್ಲಿ ಮೂರು ಮಟ್ಟ ಇದೆ: ಸಾವು ಇಲ್ಲವೇ ದೊಡ್ಡ ಗಾಯ ಖಂಡಿತ, ಸಾವು ಇಲ್ಲವೇ ದೊಡ್ಡ ಗಾಯ ಆಗಬಹುದು, ಸಣ್ಣ ಗಾಯ ಆಗಬಹುದು. ಒಂದೊಂದಕ್ಕೆ ಒಂದೊಂದು ಪದ. ಕನ್ನಡದಲ್ಲಿ ‘ಅಪಾಯ’ ವಿದ್ಯುತ್ ಕಂಬದ ತಲೆಬುರುಡೆ ಚಿತ್ರದಿಂದ ಎಲ್ಲರಿಗೂ ಗೊತ್ತು. ಆದರೆ ‘ಎಚ್ಚರಿಕೆ’ ದೊಡ್ಡದೋ ‘ಜಾಗ್ರತೆ’ ದೊಡ್ಡದೋ? ‘ಹುಷಾರು’ ಎಲ್ಲಿ ನಿಲ್ಲುತ್ತದೆ? ನಮ್ಮ ಕಿವಿಗೆ ಇವುಗಳಲ್ಲಿ ಮೇಲು ಕೀಳು ಕೇಳಿಸುವುದಿಲ್ಲ. ಹೊಸದಾಗಿ ಶ್ರೇಣಿ ಕಟ್ಟಿದರೆ ಅದು ಬರೆದವನಿಗೆ ಮಾತ್ರ ಗೊತ್ತಿರುತ್ತದೆ. ಹಾಗಾಗಿ ಏನಾಗುತ್ತದೆ ಅನ್ನುವುದನ್ನೇ ಬರೆದೆ. ‘ರಿವರ್ಸ್ ಬರುವಾಗ ಹಿಂದೆ ಗೋಡೆ, ಮರ ಇದ್ದರೆ ನೀವು ನಡುವೆ ಸಿಕ್ಕಿಕೊಳ್ಳುತ್ತೀರಿ, ಬ್ಲೇಡು ಕಾಲಿನ ಮೇಲೆ ಬರುತ್ತದೆ.’ ‘ಮುಚ್ಚಿದ ಕೊಟ್ಟಿಗೆಯಲ್ಲಿ ಸ್ಟಾರ್ಟ್ ಮಾಡಿದರೆ ಹೊಗೆಯಿಂದ ಪ್ರಾಣ ಹೋಗುತ್ತದೆ.’ ‘ಸೆರಗು, ಪಂಚೆಯ ತುದಿ ಬ್ಲೇಡಿಗೆ ಸಿಕ್ಕೀತು, ಕಟ್ಟಿಕೊಳ್ಳಿ. ಚಪ್ಪಲಿ ಬೇಡ, ಬೂಟು ಹಾಕಿ.’ ‘ಇಂಜಿನ್ ಬಿಸಿ ಇದ್ದಾಗ ಪೆಟ್ರೋಲ್ ಹಾಕಿದರೆ ಬೆಂಕಿ ಹತ್ತುತ್ತದೆ.’ ಇಷ್ಟು ಒರಟಾಗಿ ಬರೆಯಬಹುದಾ ಅಂತ ಒಬ್ಬರು ಕೇಳಿದರು. ಬರೆಯಲೇಬೇಕು ಅಂತ ನನ್ನ ನಂಬಿಕೆ.

ಯಂತ್ರದ ಹೆಸರೂ ಒಂದು ಗೊಂದಲ. ನಮ್ಮ ಕಡೆ ‘ಟಿಲ್ಲರ್’ ಅಂದರೆ ಗದ್ದೆಗೆ ಇಳಿಸುವ, ಹಿಂದೆ ಟ್ರೈಲರ್ ಕಟ್ಟಿ ಗೊಬ್ಬರವನ್ನೂ ಹೊರಿಸುವ ದೊಡ್ಡದು. ‘ರೋಟವೇಟರ್’ ಅಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವುದು. ಆಸ್ಟ್ರೇಲಿಯಾದ ಆರ್ಥರ್ ಕ್ಲಿಫರ್ಡ್ ಹೋವರ್ಡ್ 1912ರಲ್ಲಿ ಗಿಲ್ಗಾಂಡ್ರದಲ್ಲಿ ತಿರುಗುವ ಬ್ಲೇಡಿನ ಪ್ರಯೋಗ ಶುರು ಮಾಡಿದರು. ‘ರೋಟವೇಟರ್’ ಅನ್ನುವುದು ಅವರ ಕಂಪನಿಯ ವ್ಯಾಪಾರದ ಹೆಸರು, ಈಗ ನಮ್ಮೂರಲ್ಲಿ ಮಾಮೂಲಿ ಪದ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಹಿಂದಿನಿಂದ ಓದಿದರೂ ಅದೇ ಬರುತ್ತದೆ. ಸಣ್ಣದಕ್ಕೆ ‘ಕೈಟಿಲ್ಲರ್’ ಅಂತ ನಾವು ಕರೆಯುತ್ತಿದ್ದೇವೆ, ಜನರ ಬಾಯಿಗೆ ಹತ್ತಿದೆ.

ಅದು ಮಾಡುವ ಕೆಲಸಕ್ಕೆ ಯಾವ ಕ್ರಿಯಾಪದ? ನೇಗಿಲಿನ ಹಾಗೆ ಸಾಲು ಬೀಳುವುದಿಲ್ಲ, ಅದಕ್ಕೆ ‘ಉಳು’ ಪೂರ್ತಿ ಕೂರುವುದಿಲ್ಲ. ‘ಹರಗು’ ಹತ್ತಿರ, ಆದರೆ ಅದು ಕುಂಟೆಯ ಕೆಲಸ, ಮೇಲುಮೇಲಿನದು. ಮಲೆನಾಡಿನ ತೋಟದವರ ‘ಅಗತೆ’ ಚೆನ್ನಾಗಿದೆ. ಅಡಿಕೆ ಬುಡದ ಹತ್ತಿರ ಮಾತ್ರ ಈ ಯಂತ್ರ ಬೇಡ, ಬೇರು ಮೇಲೇ ಇರುತ್ತದೆ. ಸದ್ಯಕ್ಕೆ ‘ಮಣ್ಣು ಕೊಚ್ಚುವುದು’ ಅಂತ ಬರೆದಿದ್ದೇನೆ. ಕೊಚ್ಚುವ ಮೊದಲು ಹದ ನೋಡುವ ಸಾಲೂ ಇದೆ: ಮಣ್ಣನ್ನು ಉಂಡೆ ಮಾಡಿ ಬೀಳಿಸಿದರೆ ಪುಡಿಯಾಗಬೇಕು. ಮುದ್ದೆಯಾಗೇ ಉಳಿದರೆ ಎರಡು ದಿನ ಕಾಯಿರಿ.

ಉಳಿದ ಪದಗಳಿಗೆ ನಿಧಾನವಾಗಿ ಉತ್ತರ ಕೊಡಿ, ಪರವಾಗಿಲ್ಲ. ಆ ಲಿವರಿನ ಹೆಸರು ಮಾತ್ರ ಬೇಗ ಬೇಕು. ಅದಕ್ಕೆ ಕೆಂಪು ಟೇಪ್ ಸುತ್ತಿಟ್ಟಿದ್ದೇವೆ. ಬರೆಯಲು ಇರುವ ಜಾಗ ನಾಲ್ಕು ಬೆರಳಗಲ. ‘ಓಟದ ಹಿಡಿ’ಯೋ, ಚಿಕ್ಕಮ್ಮನ ‘ಮುಷ್ಟಿ’ಯೋ, ಅಥವಾ ನಿಮ್ಮೂರಲ್ಲಿ ಯಾರೋ ಈಗಾಗಲೇ ಕೂಗುತ್ತಿರುವ ಬೇರೆ ಪದವೋ? ಈ ಯಂತ್ರ ಇರುವ ಕಡೆ ಹೋಗಿ ಒಮ್ಮೆ ಕೇಳಿ ನೋಡಿ: ಎಗರಿದಾಗ ನೀವು ಏನಂತ ಕೂಗುತ್ತೀರಿ?