ಮರು: ‘ಹುಟ್ಟರಿವು’ ಸರಿಯೇ? ಸಿಂಹಗಳ ಕುರಿತ ಫಲಕಕ್ಕೆ ತುರ್ತಾಗಿ ಪದ ಬೇಕಾಗಿದೆ

ಮಾನ್ಯರೇ,

ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಮಕ್ಕಳನ್ನು ಕರೆದೊಯ್ಯುವ ಮುನ್ನ ಶಾಲೆಯಲ್ಲಿ ತೂಗುಹಾಕಲು ಫಲಕ ಬರೆಯುತ್ತಿರುವ ಶಿವಮೊಗ್ಗದ ಗೆಳೆಯರು ಕೇಳಿದ್ದು, ಕಲಿಸದೆ ಹುಟ್ಟಿನಿಂದಲೇ ಬರುವ ತುಡಿತಕ್ಕೆ, ಅಂದರೆ ‘ಇನ್‌ಸ್ಟಿಂಕ್ಟ್’ಗೆ, ಕನ್ನಡದಲ್ಲಿ ಏನೆನ್ನಬೇಕು ಎಂದು. ಉತ್ತರಗಳು ಮಾತ್ರ ‘ಸಿಂಹ’ವು ‘ಹಿಂಸ’ದ ಅಕ್ಷರಪಲ್ಲಟವೇ ಎಂಬ ಕಡೆಗೆ ಹೊರಳಿವೆ. ಆ ವ್ಯುತ್ಪತ್ತಿ ಹಳೆಯ ಸಂಸ್ಕೃತ ವೈಯಾಕರಣರದು. ಫಲಕಕ್ಕೆ ಅದರಿಂದ ಪ್ರಯೋಜನವಿಲ್ಲ.

‘ಹುಟ್ಟರಿವು’ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅದು ಸಂಸ್ಕೃತವಲ್ಲ ಎಂಬುದೊಂದೇ ಅದರ ಪರವಾಗಿ ಬಂದಿರುವ ವಾದ. ಸಿಂಹದ ಮರಿ ಹುಟ್ಟುತ್ತಲೇ ಏನನ್ನು ತರುತ್ತದೆ ಎಂದು ಮೊದಲು ನೋಡಬೇಕು. ಅಲುಗಿದ್ದರ ಬೆನ್ನು ಹತ್ತುವುದು, ನೆಲಕ್ಕೆ ಮೈಯೊತ್ತಿ ಹೊಂಚುವುದು, ತಾಯಿಯ ಬಾಲದ ತುದಿಯ ಕುಚ್ಚಿನ ಮೇಲೆ ಎರಗುವುದು, ಇವು ಯಾರೂ ಕಲಿಸದೆ ಬರುವ ತುಡಿತಗಳು. ಆದರೆ ಬೇಟೆಗೆ ಎಷ್ಟು ಹತ್ತಿರ ಹೋಗಿ ಹಾಯಬೇಕು, ಗಂಟಲನ್ನು ಹೇಗೆ ಅದುಮಿ ಉಸಿರುಗಟ್ಟಿಸಬೇಕು ಎಂಬುದನ್ನು ಅದು ದೊಡ್ಡ ಹೆಣ್ಣುಗಳೊಡನೆ ತಿಂಗಳುಗಟ್ಟಲೆ ಓಡಾಡಿ, ಅನೇಕ ಸಲ ಸೋತು ಕಲಿಯುತ್ತದೆ. ಆವರಣದಲ್ಲೇ ಹುಟ್ಟಿ ಬೆಳೆದ ಸಿಂಹವೂ ಮೂತ್ರ ಚಿಮ್ಮಿಸಿ ಎಲ್ಲೆ ಗುರುತಿಸುತ್ತದೆ, ಗರ್ಜಿಸುತ್ತದೆ. ಬೇಟೆಯ ಕೌಶಲ ಮಾತ್ರ ಅದಕ್ಕೆ ಬಂದಿರುವುದಿಲ್ಲ. ಹೀಗಿರುವಾಗ ‘ಅರಿವು’ ಹುಟ್ಟಿನಿಂದ ಬರುತ್ತದೆ ಎಂದು ಬರೆದರೆ ಮಕ್ಕಳಿಗೆ ತಪ್ಪು ಕಲಿಸಿದಂತೆ. ‘ಸಹಜ ಪ್ರವೃತ್ತಿ’ ಎಂದಾಗ ಒಲವು ಮಾತ್ರ ಸೂಚಿತವಾಗುತ್ತದೆ, ಅದೇ ಸಾಕು.

ಅದರ ಬದಲು ‘ಹುಟ್ಟುಗುಣ’ ಎನ್ನುವುದು ಇನ್ನೂ ಅಪಾಯಕರ. ಹೆಣ್ಣುಗಳ ಗುಂಪನ್ನು ಹೊಸದಾಗಿ ವಶಪಡಿಸಿಕೊಂಡ ಗಂಡು, ಹಿಂದಿನ ಗಂಡಿಗೆ ಹುಟ್ಟಿದ ಎಳೆಮರಿಗಳನ್ನು ಬಹುಮಟ್ಟಿಗೆ ಕೊಲ್ಲುತ್ತದೆ. ಮರಿ ಕಳೆದುಕೊಂಡ ಹೆಣ್ಣು ಬೇಗ ಬೆದೆಗೆ ಬರುತ್ತದೆ, ಮತ್ತೊಂದು ಗಂಡು ಬಂದು ಈ ಹೊಸ ಗಂಡನ್ನು ಓಡಿಸುವ ಮೊದಲು ಇದರ ಸ್ವಂತ ಮರಿಗಳು ಬೆಳೆಯಲು ಅವಕಾಶವಾಗುತ್ತದೆ. ಇದನ್ನು ಹುಟ್ಟುಗುಣವೆಂದರೆ, ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ಕೇಳಿ ಬೆಳೆದ ಮಕ್ಕಳು ದುಷ್ಟತನವೆಂದೇ ಓದಿಕೊಳ್ಳುತ್ತಾರೆ.

ಸಿಂಹಗಳ ಗುಂಪಿಗೆ ‘ಹಿಂಡು’ ತಪ್ಪಲ್ಲ, ಆದರೂ ‘ಬಳಗ’ ಮೇಲು. ಒಟ್ಟಿಗಿರುವ ಹೆಣ್ಣುಗಳು ತಾಯಿ, ಮಗಳು, ಅಕ್ಕ, ತಂಗಿಯರಾಗಿದ್ದು ಒಬ್ಬರ ಮರಿಗೆ ಇನ್ನೊಬ್ಬರು ಹಾಲೂಡಿಸುವುದುಂಟು. ಗುಜರಾತಿನ ಗಿರ್ ಕಾಡಿನ ಗಂಡುಗಳು ಬಹುಪಾಲು ಪ್ರತ್ಯೇಕವಾಗಿಯೇ ಇದ್ದು, ಕೂಡುವಾಗ ಅಥವಾ ದೊಡ್ಡ ಬೇಟೆ ಸಿಕ್ಕಾಗ ಹೆಣ್ಣುಗಳ ಬಳಿಗೆ ಬರುತ್ತವೆ ಎಂಬುದನ್ನೂ ಬರೆಯಬೇಕು, ಏಕೆಂದರೆ ಮಕ್ಕಳು ಕಾಣಲಿರುವುದು ಗಂಡು ಹೆಣ್ಣುಗಳು ಒಟ್ಟಿಗಿರುವ ಆಫ್ರಿಕಾದ ಹುಲ್ಲುಗಾವಲಿನ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು.

ಸಂಸ್ಕೃತದ ‘ಸಿಂಹ’ವನ್ನು ತೆಗೆದು ಅದರ ತದ್ಭವವಾದ ‘ಸಿಂಗ’ ಎಂದು ಬರೆಯಿರಿ ಎಂಬ ಆಗ್ರಹಕ್ಕೆ ನನ್ನ ಉತ್ತರ ಚಿಕ್ಕದು: ಬೇಡ. ಮಲೆನಾಡಿಗೆ ಹುಲಿ ಗೊತ್ತಿತ್ತು, ಹುಲಿಕಲ್ ಎಂಬ ಹೆಸರೂ ಇದೆ. ಸಿಂಹ ನಮಗೆ ಶಿಲ್ಪದಲ್ಲಿಯೂ ಕಾವ್ಯದಲ್ಲಿಯೂ ಬಂದದ್ದು, ಹೆಸರನ್ನು ತನ್ನೊಡನೆಯೇ ತಂದದ್ದು. ನೂರಾರು ವರ್ಷ ಕನ್ನಡಿಗರ ಬಾಯಲ್ಲಿದ್ದ ಪದವನ್ನು ಎರವಲೆಂದು ಹೊರಹಾಕುವವರು ಕನ್ನಡವನ್ನು ಕಿರಿದು ಮಾಡುತ್ತಿದ್ದಾರೆ.

ಫಲಕದ ವಾಕ್ಯ ಹೀಗಿರಲಿ: ‘ಬೆನ್ನಟ್ಟುವುದು ಸಿಂಹದ ಸಹಜ ಪ್ರವೃತ್ತಿ, ಬೇಟೆಯಾಡುವುದನ್ನು ಅದು ತನ್ನ ಬಳಗದಿಂದ ಕಲಿಯುತ್ತದೆ.’